ಬಿದ್ದುಹೋದ ಒಂದು 'ಇನ್ನೂ'

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಓದುಗರೊಬ್ಬರು ಬರೆದ ಪತ್ರ ಓದಿದೆ. 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸಿಬಿಟ್ಟರೆ ಅರ್ಧ ಜಗಳ ನಿಂತುಹೋಗುತ್ತದೆ ಎಂದು ಅವರು ಬರೆದಿದ್ದರು. ಅವರ ಕಾಳಜಿ ನನ್ನದೂ ಹೌದು. ಆದರೆ ಆ ಗಾದೆಯನ್ನು ಅಷ್ಟಕ್ಕೇ ಬಿಡಲು ನನಗೆ ಮನಸ್ಸಾಗುತ್ತಿಲ್ಲ. ನಾನು 34 ವರ್ಷ ಗಣಿತ ಪಾಠ ಮಾಡಿದವಳು. ನನ್ನಿಂದ ಒಬ್ಬರಿಗೆ ದೊಡ್ಡ ಅನ್ಯಾಯ ಆಯಿತು. ಅದರಲ್ಲಿ ಅರ್ಧ ನನ್ನ ಮಾತಿನಿಂದ ಆದದ್ದು, ಇನ್ನರ್ಧ ನನ್ನ ಮೌನದಿಂದ ಆದದ್ದು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಇವತ್ತು ಬರೆಯುತ್ತಿದ್ದೇನೆ.

22 ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಒಂಬತ್ತನೇ ತರಗತಿಯ 43 ಮಕ್ಕಳನ್ನು ಎರಡು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಮಕ್ಕಳಿಂದ ದುಡ್ಡು ಸಂಗ್ರಹಿಸಿದ್ದು, ಬಸ್ಸು ಗೊತ್ತು ಮಾಡಿದ್ದು, ಎಲ್ಲ ಅವರೇ. ವಾಪಸ್ ಬಂದ ಹದಿನೈದು ದಿನದೊಳಗೆ ಲೆಕ್ಕ ಕೊಡುವುದು ನಮ್ಮಲ್ಲಿ ರೂಢಿ. ಮೂರು ವಾರ ಕಳೆದರೂ ಅವರು ಕೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಚಿತ್ರಕಲೆಯ ಟೀಚರ್ ಇದ್ದರು. ಮಾತಿಗೆ ಮಾತು ಬಂದು ನಾನು ಹೇಳಿದೆ: "ಪ್ರವಾಸದ ಲೆಕ್ಕ ಅವರು ಇನ್ನೂ ಕೊಟ್ಟಿಲ್ಲ."

ಇಷ್ಟೇ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಸುಮ್ನೆ ಆಡಿದ ಮಾತು.

ಆರನೇ ದಿನ ಅವರು ಪಾಠಕ್ಕೆ ಹೋದಾಗ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿತ್ತು: "ದುಡ್ಡು ಎಲ್ಲಿ ಸಾರ್?" ಅವರು ಡಸ್ಟರ್ ತೆಗೆದುಕೊಂಡು ಒರೆಸಿದರಂತೆ. ಆಮೇಲೆ ಬೆಳಕಿನ ವಕ್ರೀಭವನದ ಪಾಠ ಶುರು ಮಾಡಿ, ಗಂಟೆ ಹೊಡೆಯುವವರೆಗೆ ಪೂರ್ತಿ ಪಾಠ ಮಾಡಿದರಂತೆ. ಒಬ್ಬ ಹುಡುಗಿ ಬಂದು ನನಗೆ ಹೇಳಿದಳು. ಕೈಕಾಲು ತಣ್ಣಗಾಯಿತು.

ಅವತ್ತೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. 'ನಾನೇನು ಸುಳ್ಳು ಹೇಳಿಲ್ಲವಲ್ಲ' ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೇ ಒಂಬತ್ತು ದಿನ ಕಳೆದವು. ಹೆಡ್‌ಮಾಸ್ಟರು ಅವರನ್ನು ಕರೆಸಿ ಕೇಳಿದರು. ಮಾರನೇ ದಿನ ಬೆಳಗ್ಗೆಯೇ ಅವರು ಲೆಕ್ಕ ತಂದು ಕೊಟ್ಟರು. ಒಂದೊಂದು ರಸೀದಿಯನ್ನೂ ಬಿಳಿ ಹಾಳೆಗೆ ಅಂಟಿಸಿ, ತಾರೀಕು ಬರೆದು, ಉಳಿದ ಹಣವನ್ನು ಲಕೋಟೆಯಲ್ಲಿ ಇಟ್ಟಿದ್ದರು. ಹೆಡ್‌ಮಾಸ್ಟರು ಆ ಕಡತವನ್ನು ಯಾರ ಕೈಗೆ ಕೊಟ್ಟರು ಗೊತ್ತೇ? ನನ್ನ ಕೈಗೆ. "ಮೇಡಂ, ನೀವು ಗಣಿತದವರು. ಕೂಡಿಸಿ ನೋಡಿ ಸಹಿ ಮಾಡಿ" ಎಂದರು. ಎರಡು ಸಲ ಕೂಡಿಸಿದೆ. ಪೈಸೆಗೆ ಪೈಸೆ ಸರಿಯಿತ್ತು. ಸಹಿ ಹಾಕಿದೆ. ಆಗಲೂ ಮಾತು ಶುರುವಾದದ್ದು ನನ್ನಿಂದ ಎಂದು ಹೇಳಲಿಲ್ಲ.

ಲೆಕ್ಕ ತಡವಾಗಿದ್ದಕ್ಕೆ ಕಾರಣ ಆಮೇಲೆ ತಿಳಿಯಿತು. ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದರು. ಶಾಲೆ ಬಿಟ್ಟ ಮೇಲೆ ಇವರು ನೇರ ಅಲ್ಲಿಗೆ ಹೋಗಿ ರಾತ್ರಿ ಅಲ್ಲೇ ಮಲಗಿ, ಬೆಳಗ್ಗೆ ಅಲ್ಲಿಂದಲೇ ಪಾಠಕ್ಕೆ ಬರುತ್ತಿದ್ದರು. ಯಾರಿಗೂ ಹೇಳಿಕೊಂಡಿರಲಿಲ್ಲ. ಲೆಕ್ಕ ಸರಿಯಿದೆ ಎಂದು ಹೆಡ್‌ಮಾಸ್ಟರು ಮೀಟಿಂಗಿನಲ್ಲಿ ಹೇಳಿದರು. ಆ ಸುದ್ದಿ ಮಾತ್ರ ಸ್ಟಾಫ್ ರೂಮಿನ ಬಾಗಿಲು ದಾಟಲಿಲ್ಲ. ವರ್ಷದ ಕೊನೆಯಲ್ಲಿ ಅವರು ವರ್ಗ ಕೇಳಿಕೊಂಡು ಹೋದರು.

ಅವರು ಹೋದ ಮೇಲೆ ನನಗೆ ನಿದ್ದೆ ಕೆಟ್ಟಿತು. ನಾನು ಹೇಳಿದ 'ಇನ್ನೂ ಕೊಟ್ಟಿಲ್ಲ' ಆರು ದಿನದಲ್ಲಿ 'ತಿಂದಿದ್ದಾರೆ' ಆದದ್ದು ಹೇಗೆ? ಮಾತು ಹೋದ ದಾರಿಯಲ್ಲಿ ಹಿಂದೆ ನಡೆಯಲು ಹೊರಟೆ. ಒಬ್ಬೊಬ್ಬರನ್ನೇ ಮೆತ್ತಗೆ ಕೇಳಿದೆ. ನೀವು ಹೇಗೆ ಕೇಳಿಸಿಕೊಂಡಿರಿ, ಹೇಗೆ ಹೇಳಿದಿರಿ ಅಂತ. ಚಿತ್ರಕಲೆಯ ಟೀಚರು ಆಫೀಸಿನ ಗುಮಾಸ್ತರಿಗೆ ಹೇಳಿದ್ದು, "ಪ್ರವಾಸದ ಲೆಕ್ಕ ಕೊಟ್ಟಿಲ್ಲ ಅಂತೆ." ಗುಮಾಸ್ತರು ಶುಲ್ಕ ಕಟ್ಟಲು ಬಂದ ತಂದೆಯೊಬ್ಬರಿಗೆ ಹೇಳಿದ್ದು, "ಅವರು ಯಾಕೋ ಲೆಕ್ಕ ಕೊಡ್ತಾ ಇಲ್ಲ." ಆ ತಂದೆ ಗೇಟಿನ ಹತ್ತಿರ ಇನ್ನೊಬ್ಬ ತಾಯಿಗೆ, "ಲೆಕ್ಕ ಸಿಗ್ತಾ ಇಲ್ಲ ಅಂತೆ." ಆ ತಾಯಿ ಮನೆಯಲ್ಲಿ, "ದುಡ್ಡಿನ ಲೆಕ್ಕವೇ ಸಿಗ್ತಾ ಇಲ್ಲವಂತೆ, ಪಾಪ ಮಕ್ಕಳ ದುಡ್ಡು." ಅದು ಮಗನ ಕಿವಿಗೆ ಬಿತ್ತು. ಕ್ಲಾಸಿಗೆ ಬಂದ ಮಗ ಗೆಳೆಯರಿಗೆ ಹೇಳಿದ್ದು, "ಸಾರ್ ದುಡ್ಡು ತಿಂದಿದ್ದಾರೆ."

ಸಂಪಾದಕರೇ, ಈ ಸಾಲನ್ನು ನಾನು ಎಷ್ಟೋ ಸಲ ಬರೆದು ನೋಡಿದ್ದೇನೆ. ಇದರಲ್ಲಿ ಸುಳ್ಳುಗಾರ ಯಾರು? ಕೊನೆಯ ಹುಡುಗನೂ ಅಲ್ಲ. ಅವನು ತನಗೆ ಅರ್ಥವಾದದ್ದನ್ನು ಹೇಳಿದ. ಮೊದಲು ಬಿದ್ದುಹೋದದ್ದು ನನ್ನ 'ಇನ್ನೂ'. ಕೊಡುತ್ತಾರೆ, ಆದರೆ ತಡವಾಗಿದೆ ಎಂಬ ಅರ್ಥವೆಲ್ಲ ಆ ಒಂದು ಪದದಲ್ಲಿತ್ತು. ಅದು ಹೋಯಿತು. ಅದರ ಜಾಗಕ್ಕೆ 'ಯಾಕೋ' ಬಂತು. 'ಯಾಕೋ' ಎಂದ ಕೂಡಲೇ ಕೇಳುವವರ ತಲೆಯಲ್ಲಿ ಒಂದು ಕಾರಣ ಹುಟ್ಟುತ್ತದೆ, ಅಲ್ವಾ? ಕೊನೆಗೆ 'ಅಂತೆ'ಯೂ ಉದುರಿತು.

ನಮ್ಮ ಭಾಷೆಯ ಈ 'ಅಂತೆ'ಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕೆನಿಸುತ್ತದೆ. 'ನಾನು ಕಣ್ಣಾರೆ ಕಂಡದ್ದಲ್ಲ, ಯಾರೋ ಹೇಳಿದ್ದು' ಎಂಬುದನ್ನು ಹೇಳಲು ಎಷ್ಟೋ ಭಾಷೆಗಳಲ್ಲಿ ಬೇರೆ ವಾಕ್ಯವೇ ಬೇಕು. ನಮಗೆ ಎರಡಕ್ಷರ ಸಾಕು. 'ಬಂದರು' ಬೇರೆ, 'ಬಂದರಂತೆ' ಬೇರೆ. ಕನ್ನಡದ ಮಗು ಶಾಲೆಗೆ ಸೇರುವ ಮೊದಲೇ ಈ ವ್ಯತ್ಯಾಸ ಕಲಿತಿರುತ್ತದೆ. ನಮ್ಮ ಹಿರಿಯರು ಮಾತಿಗೆ ಕಟ್ಟಿಕೊಟ್ಟ ಕಾವಲು ಇದು ಎಂದೇ ನಾನು ನಂಬಿದ್ದೇನೆ. 'ಅಂತೆಕಂತೆ' ಎಂದು ಅದನ್ನು ಹಗುರ ಮಾಡುವವರೂ ನಾವೇ. ನನಗೇನೋ 'ಅಂತೆ' ಹೇಳುವುದಕ್ಕಿಂತ 'ಅಂತೆ' ಬಿಡುವುದೇ ಹೆಚ್ಚು ಅಪಾಯ ಎನಿಸುತ್ತದೆ. ಎರಡನೇ ಬಾಯಿಯಲ್ಲಿ ಅದು ಇರುತ್ತದೆ. ಕೊನೆಯದರಲ್ಲಿ ಇರುವುದೇ ಇಲ್ಲ. ಈಗ ಫೋನಿನಲ್ಲಿ ಬರುವ ಸಂದೇಶ ಮುಂದಕ್ಕೆ ತಳ್ಳುತ್ತೇವಲ್ಲ, ಅಲ್ಲಿ ಅದನ್ನು ಹಾಕುವವರೇ ಕಡಿಮೆ. ಯಾರೋ ಬರೆದದ್ದು ನನ್ನ ಹೆಸರಿನ ಕೆಳಗೆ, ನಾನೇ ಕಂಡಂತೆ, ನಿಮ್ಮ ಕೈಗೆ ಬರುತ್ತದೆ.

ಮುಂದಿನ ವರ್ಷಗಳಲ್ಲಿ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಜಪಾನಿನ ಟೊಯೊಕಾವಾ ಸಹಕಾರಿ ಬ್ಯಾಂಕಿನ ಕಥೆ ಓದಿದಾಗ ನಮ್ಮ ಶಾಲೆಯ ಕಥೆಯನ್ನೇ ಯಾರೋ ದೊಡ್ಡದು ಮಾಡಿ ಬರೆದಂತಿತ್ತು. 1973ರ ಡಿಸೆಂಬರ್ 8. ರೈಲಿನಲ್ಲಿ ಮೂವರು ಶಾಲಾ ಹುಡುಗಿಯರು ಹರಟುತ್ತಿದ್ದರು. ಒಬ್ಬಳಿಗೆ ಇಂಥದೊಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. "ಬ್ಯಾಂಕು ಅಂದರೆ ಅಪಾಯ ಕಣೇ" ಎಂದು ಗೆಳತಿ ಛೇಡಿಸಿದಳು. ದರೋಡೆಕೋರರು ಬರಬಹುದು ಅಂತ ತಮಾಷೆ. ಆ ಹುಡುಗಿ ಸಂಜೆ ತಾನು ಉಳಿದುಕೊಂಡಿದ್ದ ನೆಂಟರನ್ನು ಕೇಳಿದಳು, ಬ್ಯಾಂಕು ಅಪಾಯವಾ ಅಂತ. ನೆಂಟರು ಅದನ್ನು ಟೊಯೊಕಾವಾ ಬ್ಯಾಂಕಿನ ಸ್ಥಿತಿಯ ಬಗ್ಗೆ ಕೇಳಿದ ಪ್ರಶ್ನೆ ಎಂದುಕೊಂಡರು. ಆ ಬ್ಯಾಂಕಿನ ಹತ್ತಿರ ಇದ್ದ ಇನ್ನೊಬ್ಬ ನೆಂಟರಿಗೆ ಫೋನ್ ಮಾಡಿ ವಿಚಾರಿಸಿದರು. ವಿಚಾರಿಸಿದ್ದೇ ಸುದ್ದಿಯಾಯಿತು. ಐದನೇ ದಿನ, ಡಿಸೆಂಬರ್ 13ರಂದು, ಒಂದು ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿಗೆ ಯಾರೋ ಬಂದು ಫೋನ್ ಮಾಡಿದರು. ಆ ಬ್ಯಾಂಕಿನಿಂದ ದುಡ್ಡು ತೆಗೆಯಿರಿ ಎಂದು ಮನೆಯವರಿಗೆ ಹೇಳಿದರು. ಅವರಿಗೆ ಗಾಳಿಸುದ್ದಿಯ ಗಂಧವೇ ಇರಲಿಲ್ಲ. ತಮ್ಮ ಯಾವುದೋ ವ್ಯವಹಾರಕ್ಕೆ ದುಡ್ಡು ಬೇಕಿತ್ತು, ಅಷ್ಟೇ. ಆದರೆ ಸುದ್ದಿಯನ್ನು ಮೊದಲೇ ಕೇಳಿದ್ದ ಅಂಗಡಿಯವರಿಗೆ ಅದು ಸಾಕ್ಷಿಯಂತೆ ಕಂಡಿತು. ತಾವೂ ದುಡ್ಡು ತೆಗೆದರು, ಬಲ್ಲವರಿಗೆಲ್ಲ ಹೇಳಿದರು. ಬ್ಯಾಂಕಿನ ಮುಂದೆ ಜನ ಮುಗಿಬಿದ್ದರು. ನೌಕರನೊಬ್ಬ ದುಡ್ಡು ಎತ್ತಿಕೊಂಡು ಓಡಿದ್ದಾನೆ, ಮುಖ್ಯಸ್ಥರು ಆತ್ಮಹತ್ಯೆ ಮಾಡಿಕೊಂಡಿದ್ದಾರೆ ಎಂಬ ಮಾತೂ ಸೇರಿಕೊಂಡಿತು. ಬ್ಯಾಂಕಿಗೆ ಏನೂ ಆಗಿರಲಿಲ್ಲ. ಪೊಲೀಸರು ಒಬ್ಬೊಬ್ಬರನ್ನೇ ಕೇಳುತ್ತಾ ಹಿಂದೆ ಹಿಂದೆ ಹೋಗಿ, ಕೊನೆಗೆ ಆ ರೈಲಿನ ಮೂವರು ಹುಡುಗಿಯರ ಹತ್ತಿರ ಬಂದು ನಿಂತರು.

ಇಲ್ಲೂ ಕೆಟ್ಟವರು ಇಲ್ಲ. ಕಾಳಜಿಯಿಂದ ಕೇಳಿದವರು, ಕಾಳಜಿಯಿಂದ ಹೇಳಿದವರು. ಇದೇ ನನ್ನನ್ನು ಹೆಚ್ಚು ಕಾಡುವುದು. ಗಾಳಿಮಾತು ಹರಡುವವರೆಂದರೆ ಹೊಟ್ಟೆಕಿಚ್ಚಿನವರು, ಚಾಡಿಕೋರರು ಎಂದು ನಾವು ಅಂದುಕೊಂಡಿರುತ್ತೇವೆ. ಆದ್ದರಿಂದ ಆ ಪಟ್ಟಿಯಲ್ಲಿ ನಮ್ಮನ್ನು ಹುಡುಕುವುದೇ ಇಲ್ಲ.

ಆಲ್ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1947ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಒಬ್ಬರು ಚಿತ್ರ ನೋಡಿ ವಿವರಿಸಬೇಕು. ಕೇಳಿದವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೇಳಬೇಕು. ಐದಾರು ಬಾಯಿ ದಾಟುವಷ್ಟರಲ್ಲಿ ಸುಮಾರು 70 ಶೇಕಡಾ ವಿವರ ಕಳೆದುಹೋಗುತ್ತಿತ್ತು. ಉಳಿದದ್ದು ಹರಿತವಾಗುತ್ತಿತ್ತು, ಕೇಳುವವರ ಮನಸ್ಸಿನಲ್ಲಿ ಮೊದಲೇ ಇದ್ದ ಅಚ್ಚಿಗೆ ಹೊಂದಿಕೊಳ್ಳುತ್ತಿತ್ತು. ನಾನೂ ಇದನ್ನು ಕ್ಲಾಸಿನಲ್ಲಿ ಮಾಡಿ ನೋಡಿದೆ. ಹನ್ನೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊದಲನೆಯವಳ ಕಿವಿಯಲ್ಲಿ ಹೇಳಿದೆ: "ಆ ಹುಡುಗ ಒಂದು ಸಲ ಬಹುಶಃ ತಿಳಿಯದೆ ಬೇರೆಯವರ ಪೆನ್ನು ತೆಗೆದುಕೊಂಡಿದ್ದ." ಹನ್ನೆರಡನೆಯವನು ಎದ್ದು ನಿಂತು, "ಆ ಹುಡುಗ ಪೆನ್ನು ಕದೀತಾನೆ" ಎಂದ. ಮಕ್ಕಳೆಲ್ಲ ನಕ್ಕರು. ಬೋರ್ಡಿನ ಮೇಲೆ ಎರಡೂ ವಾಕ್ಯ ಬರೆದು, ಬಿದ್ದುಹೋದ ಪದಗಳಿಗೆ ಗೆರೆ ಎಳೆದೆ. 'ಒಂದು ಸಲ', 'ಬಹುಶಃ', 'ತಿಳಿಯದೆ'. ನಗು ನಿಂತಿತು. ನಿವೃತ್ತಿಯಾಗುವವರೆಗೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಂದು ಗಣಿತದ ಪೀರಿಯಡ್ಡು ಇದಕ್ಕೇ ಇಟ್ಟಿದ್ದೆ.

ಹಾಗಾದರೆ ಇನ್ನೊಬ್ಬರ ಬಗ್ಗೆ ಮಾತೇ ಆಡಬಾರದೇ? ಅದು ಆಗುವ ಮಾತಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 467 ಜನರ ದಿನನಿತ್ಯದ ಮಾತುಗಳ ತುಣುಕುಗಳನ್ನು ಅವರ ಒಪ್ಪಿಗೆ ಪಡೆದು ಸಣ್ಣ ಯಂತ್ರದಲ್ಲಿ ದಾಖಲಿಸಿ ಅಳೆದಿದ್ದರು. ಎದುರಿಗೆ ಇಲ್ಲದವರ ಬಗ್ಗೆ ಒಬ್ಬೊಬ್ಬರು ದಿನಕ್ಕೆ ಸರಾಸರಿ 52 ನಿಮಿಷ ಮಾತಾಡುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಅವಳಿಗೆ ಕೆಲಸ ಸಿಕ್ಕಿತು, ಇವನು ಮನೆ ಬದಲಾಯಿಸಿದ, ಇಂಥವೇ. ಈ ಮಾತುಗಳಿಲ್ಲದೆ ನಾವು ಒಬ್ಬರಿಗೊಬ್ಬರು ಆಗುವುದಾದರೂ ಹೇಗೆ? ಆದರೆ ನನ್ನ 'ಇನ್ನೂ ಕೊಟ್ಟಿಲ್ಲ' ಕೂಡ ಆ ಮುಕ್ಕಾಲು ಪಾಲಿಗೇ ಸೇರಿದ್ದು. ಅಲ್ಲಿ ತೆಗಳಿಕೆ ಇರಲಿಲ್ಲ. ಹೊರಡುವಾಗ ಇರಲಿಲ್ಲ, ದಾರಿಯಲ್ಲಿ ಅಂಟಿಕೊಂಡಿತು.

'ನಿಜ ತಾನೇ ಹೇಳಿದ್ದು' ಎಂಬ ನೆಪ ನನ್ನದು ಮಾತ್ರವಲ್ಲ, ಬಹಳ ಹಳೆಯದು ಎಂದು ಕಾಣುತ್ತದೆ. ಯಾಕೆಂದರೆ ಬೇರೆ ಬೇರೆ ಧರ್ಮಗಳ ಹಿರಿಯರು ಅದಕ್ಕೆ ಅಡ್ಡ ನಿಂತಿದ್ದಾರೆ. ಬುದ್ಧ ಸರಿಯಾದ ಮಾತು ಎಂದಾಗ ಸುಳ್ಳನ್ನು ಮಾತ್ರ ಬಿಡಿ ಎನ್ನಲಿಲ್ಲ. ಚಾಡಿ, ಒರಟು ಮಾತು, ಹುರುಳಿಲ್ಲದ ಹರಟೆ, ಇವನ್ನೂ ಜೊತೆಗೇ ಸೇರಿಸಿದ. ಇಸ್ಲಾಂನಲ್ಲಿ ಬೆನ್ನ ಹಿಂದೆ ಆಡುವ ನಿಜಕ್ಕೆ ಒಂದು ಹೆಸರು, ಸುಳ್ಳಿಗೆ ಇನ್ನೊಂದು ಹೆಸರು. ಎರಡೂ ತಪ್ಪೇ. ಜೈನರು ಮನಸ್ಸು, ಮಾತು, ದೇಹ ಈ ಮೂರರ ಕಾವಲಿಗೆ ಗುಪ್ತಿ ಎನ್ನುತ್ತಾರೆ. ಮಾತಿನದು ವಚನ ಗುಪ್ತಿ. ಕಾವಲು ಎಂಬ ಆ ಅರ್ಥ ನನಗೆ ತುಂಬಾ ಹಿಡಿಸಿತು. ಕಾವಲುಗಾರ ಬಾಗಿಲನ್ನು ಸದಾ ಮುಚ್ಚಿಕೊಂಡೇ ಕೂರುವುದಿಲ್ಲ. ಯಾರನ್ನು ಬಿಡಬೇಕೋ ಬಿಡುತ್ತಾನೆ.

ಇದಕ್ಕೇ ನಾನು 'ಮೌನ ಬಂಗಾರ' ಎಂಬುದನ್ನು ಪೂರ್ತಿ ಒಪ್ಪಲಾರೆ. ಮಗುವನ್ನು ಹೊಡೆಯುವ ದೊಡ್ಡವರ ಬಗ್ಗೆ, ಹತ್ತು ಜನರಿಂದ ಹಣ ಪಡೆದು ಮೋಸ ಮಾಡುವವರ ಬಗ್ಗೆ ಗೊತ್ತಿದ್ದೂ ಸುಮ್ಮನಿರುವುದು ಬಂಗಾರವಲ್ಲ. ನೋವುಂಡ ಹೆಣ್ಣುಮಗಳು ತನಗೆ ಆದದ್ದನ್ನು ಹೇಳಿಕೊಂಡರೆ 'ಮನೆ ಮಾತು ಹೊರಗೆ ಆಡಬೇಡ' ಎಂದು ಬಾಯಿ ಮುಚ್ಚಿಸುವುದೂ ಮಾತಿನ ಕಾವಲಲ್ಲ. ಅದು ತಪ್ಪು ಮಾಡಿದವನ ಕಾವಲು. ನಾನು ಈಗ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಈ ಕಿವಿಗೆ ಏನಾದರೂ ಮಾಡಲು ಕೈ ಇದೆಯೇ? ಲೆಕ್ಕದ ಮಾತನ್ನು ನಾನು ಆ ಮೇಷ್ಟ್ರಿಗೇ ಹೇಳಬಹುದಿತ್ತು, ಅವರು ಕೊಟ್ಟುಬಿಡುತ್ತಿದ್ದರು. ಹೆಡ್‌ಮಾಸ್ಟರಿಗೆ ಹೇಳಬಹುದಿತ್ತು, ಅವರು ಕೇಳುತ್ತಿದ್ದರು. ಚಿತ್ರಕಲೆಯ ಟೀಚರು ಪಾಪ ಏನು ಮಾಡಿಯಾರು? ಇನ್ನೊಬ್ಬರಿಗೆ ಹೇಳುವುದು ಬಿಟ್ಟರೆ ಅವರಿಗೆ ಬೇರೇನು ದಾರಿ ಇತ್ತು?

ಅಭ್ಯಾಸ ಕಷ್ಟ. ಈಗಲೂ ತುಟಿಯವರೆಗೆ ಬಂದದ್ದನ್ನು ವಾಪಸ್ ನುಂಗುತ್ತೇನೆ. ಯಾರಾದರೂ ಇನ್ನೊಬ್ಬರ ವಿಷಯ ತೆಗೆದು "ನಿಮಗೇನನ್ನಿಸುತ್ತದೆ?" ಎಂದರೆ "ನನಗೆ ಗೊತ್ತಿಲ್ಲ" ಎಂದು ನಿಲ್ಲಿಸುವುದನ್ನು ಕಲಿತಿದ್ದೇನೆ. ಅದರ ಬಾಲಕ್ಕೆ 'ಆದರೆ' ಸೇರಿಸದಿರುವುದೇ ದೊಡ್ಡ ಸಾಧನೆ. "ಅವರನ್ನೇ ಕೇಳಿದಿರಾ?" ಎಂದು ಕೇಳಿದರೆ ಮಾತು ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ಕೆಲವರಿಗೆ ಬೇಸರವಾಗುತ್ತದೆ, ನಿಜ. ಇಬ್ಬರು ಗೆಳತಿಯರು ನನ್ನ ಹತ್ತಿರ ಬರುವುದು ಕಡಿಮೆ ಮಾಡಿದ್ದಾರೆ. ಅದರ ನೋವು ನನಗಿದೆ.

ಈಗ ನಿಮ್ಮಲ್ಲಿ ಎರಡು ಕೋರಿಕೆ. ಪತ್ರಿಕೆಗಳಲ್ಲೂ ಒಂದು 'ಅಂತೆ' ಇದೆ. 'ಎನ್ನಲಾಗಿದೆ', 'ಎಂಬ ಮಾತು ಕೇಳಿಬಂದಿದೆ'. ಯಾರು ಎಂದರು, ಯಾರಿಂದ ಕೇಳಿಬಂತು ಎಂದು ಬರೆಯಲು ಆಗದಿದ್ದರೆ ಒಬ್ಬ ಮನುಷ್ಯನ ಮರ್ಯಾದೆಯ ವಿಷಯದಲ್ಲಿ ಆ ಸಾಲು ಬೇಡ. ಓದುವವರ ಮನಸ್ಸಿನಲ್ಲಿ 'ಎನ್ನಲಾಗಿದೆ' ಸಂಜೆಯೊಳಗೆ ಬಿದ್ದುಹೋಗುತ್ತದೆ, ಹೆಸರು ಮಾತ್ರ ಉಳಿಯುತ್ತದೆ. ಇನ್ನೊಂದು, ತಪ್ಪಾದಾಗ ತಿದ್ದುಪಡಿಯನ್ನು ಮೂಲ ಸುದ್ದಿ ಬಂದ ಪುಟದಲ್ಲೇ, ಅಷ್ಟೇ ಜಾಗದಲ್ಲಿ ಹಾಕಿ. ಅವರ ಲೆಕ್ಕ ಸರಿಯಿತ್ತು ಎಂಬ ಮಾತು ನಮ್ಮ ಸ್ಟಾಫ್ ರೂಮಿನಲ್ಲೇ ಸತ್ತುಹೋದದ್ದನ್ನು ಕಂಡವಳು ನಾನು. ಬೋರ್ಡಿನ ಮೇಲೆ ಬರೆದ ಹುಡುಗನ ಕ್ಲಾಸಿಗೆ ಹೋಗಿ ನಾನೇ ಅದನ್ನು ಅಷ್ಟೇ ದೊಡ್ಡದಾಗಿ ಬರೆಯಬೇಕಿತ್ತು.

ಅವರು ವರ್ಗವಾಗಿ ಹೋದ ಎರಡು ವರ್ಷಕ್ಕೆ ನಾನು ಅವರ ಮನೆ ಹುಡುಕಿಕೊಂಡು ಹೋದೆ. ಎಲ್ಲ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿಸಿಕೊಂಡರು. ಬಹಳ ಹೊತ್ತಾದ ಮೇಲೆ ಹೇಳಿದರು: "ಮೇಡಂ, ಆ ದಿನಗಳಲ್ಲಿ ರಸೀದಿಗಳೆಲ್ಲ ನನ್ನ ಅಂಗಿ ಜೇಬಿನಲ್ಲೇ ಇರ್ತಿದ್ದವು. ಆಸ್ಪತ್ರೆಯಲ್ಲಿ ಕೂತು ಬರೆಯೋಣ ಅಂತ ದಿನಾ ಇಟ್ಟುಕೊಂಡು ಹೋಗ್ತಿದ್ದೆ. ನೀವು ಒಂದು ಮಾತು ಕೇಳಿದ್ದರೆ ಅಲ್ಲೇ ತೆಗೆದು ತೋರಿಸ್ತಿದ್ದೆ." ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ನನ್ನ ಕುರ್ಚಿಯಿಂದ ಮೂರು ಕುರ್ಚಿ ಆಚೆ ಇತ್ತು.

ಈ ಪತ್ರವನ್ನು ಕಳಿಸುವ ಮೊದಲು ಫೋನಿನಲ್ಲಿ ಅವರಿಗೆ ಪೂರ್ತಿ ಓದಿ ಹೇಳಿದೆ. ಒಂದು ಕಡೆ ತಡೆದರು. ಹೆಂಡತಿಗೆ ಏನು ಕಾಯಿಲೆ ಇತ್ತು ಎಂದು ನಾನು ಬರೆದಿದ್ದೆ. ಅದು ಬೇಡ ಎಂದರು, ತೆಗೆದೆ. ಇನ್ನೊಂದು ಕಡೆ ಬೋರ್ಡಿನ ಮೇಲೆ ಬರೆದ ಹುಡುಗನ ಬಗ್ಗೆ ಎರಡು ಬಿರುಸು ಮಾತು ಇದ್ದವು. ಅವನ್ನೂ ತೆಗೆಯಿರಿ ಎಂದರು. ಅವನು ಈಗಲೂ ವರ್ಷಕ್ಕೆರಡು ಸಲ ಅವರಿಗೆ ಫೋನ್ ಮಾಡುತ್ತಾನಂತೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ